ಗಂಟಲಿನ ಚೂರಿಗೆ ಮೂವತ್ನಾಲ್ಕು ದಿನ

ಸಭೆಯಾಗಿ ಕೂಡಿದ ದೈವಕ್ಕೆ ಶರಣು! ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ನಾಲ್ಕೂ ಸೀಮೆಯ ಮಹಾಜನರೇ! ಮುಂದೆ ಚಾಪೆ ಹಾಸಿಕೊಂಡು ಕುಳಿತ ತಾಯಂದಿರೇ, ಹಿಂದೆ ಬೈಕಿನಿಂದ ಇಳಿಯದೆ ಸೀಟಿ ಹೊಡೆಯುವ ವೀರರೇ, ಕಂಬಕ್ಕೆ ಒರಗಿ 'ಯಾವಾಗ ಸುರು ಮಾಡ್ತೀರ್ಲೇ' ಎಂದು ಗದರಿಸುವ ಹಿರಿಯರೇ! ನಲವತ್ತು ವರ್ಷ ನಿಮ್ಮೆದುರು ರಾಜನಾಗಿ ಗುಡುಗಿದ್ದೇನೆ, ಕಳ್ಳನಾಗಿ ನುಸುಳಿದ್ದೇನೆ, ಮೈಕು ಕೈಕೊಟ್ಟ ದಿನವೂ ಕೊನೆಯ ಸಾಲಿನವರಿಗೆ ಮಾತು ಮುಟ್ಟಿಸಿದ್ದೇನೆ. ಇಂದು ಬಣ್ಣವಿಲ್ಲ, ಕಿರೀಟವಿಲ್ಲ. ಧ್ವನಿಯೂ ಅರ್ಧ ಮಾತ್ರ ಇದೆ, ಆದ್ದರಿಂದ ಸ್ವಲ್ಪ ಹತ್ತಿರ ಸರಿದು ಕುಳಿತುಕೊಳ್ಳಿ. ಒಂದು ಪತ್ರ ಓದುತ್ತೇನೆ. ಪತ್ರ ನಿಮಗಲ್ಲ, ನಾನು ತೋರಿಸಿಕೊಂಡ ಸರ್ಕಾರಿ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ. ಆದರೆ ಅವರ ಕಚೇರಿಯಲ್ಲಿ ಕಾಗದಗಳ ಗತಿ ಏನಾಗುತ್ತದೆಂದು ನನಗೀಗ ಚೆನ್ನಾಗಿ ತಿಳಿದಿರುವುದರಿಂದ, ಮೊದಲು ನಿಮಗೆ, ಆಮೇಲೆ ಪತ್ರಿಕೆಗೆ, ಎಲ್ಲರಿಗಿಂತ ಕೊನೆಗೆ ಅವರಿಗೆ.

ಆಡಳಿತ ವೈದ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ಗಂಟಲಿನ ಒಂದು ಚೂರನ್ನು ನಿಮ್ಮ ಆಸ್ಪತ್ರೆಯವರು ಕತ್ತರಿಸಿಕೊಂಡು ಇಂದಿಗೆ ಮೂವತ್ನಾಲ್ಕು ದಿನ. ನನಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಆ ಚೂರು ಹೇಳಬೇಕಿತ್ತು. ಹೇಳಿಲ್ಲ. ಹೇಳಲಾರೆ ಎಂದು ಅದು ಹೇಳಿದ್ದೂ ನಿನ್ನೆ ಸಂಜೆಯವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಇದೇ ನನ್ನ ದೂರು. ಆಸ್ಪತ್ರೆ ಯಾವ ಊರಿನದೆಂದು ಬರೆಯುವುದಿಲ್ಲ. ಬರೆದರೆ ಊರಿನ ಮಾನದ ಪ್ರಶ್ನೆ ಎದ್ದು ನನ್ನ ಗಂಟಲಿನ ಪ್ರಶ್ನೆ ಮುಳುಗುತ್ತದೆ. ನಿಮ್ಮ ಹೆಸರನ್ನೂ ಬರೆಯುವುದಿಲ್ಲ. ನಿಮಗೂ ನನ್ನ ಹೆಸರು ಗೊತ್ತಿಲ್ಲದ ಕಾರಣ, ಅಷ್ಟರ ಮಟ್ಟಿಗೆ ನಾವಿಬ್ಬರೂ ಸಮಾನರು.

ನಾನು ದುಂಡಸಿಯ ಹತ್ತಿರದ ಒಂದು ಹಳ್ಳಿಯ ನಾಟಕದ ಮಾಸ್ತರ, ವಯಸ್ಸು ಅರವತ್ತೊಂದು. ಎರಡೆಕರೆ ಗೋವಿನಜೋಳ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಂದು ಗಂಟಲು. ಇವಿಷ್ಟರಲ್ಲಿ ನನ್ನ ಹೆಸರು ಊರಾಚೆ ಹೋಗಿದ್ದು ಗಂಟಲಿನಿಂದ. ಮಾಘ ಮಾಸದಲ್ಲಿ ಅದು ಕೂರತೊಡಗಿತು. ಬಾಬಾಸಾಹೇಬರ ಜಯಂತಿಗೆ ಪ್ರತಿ ವರ್ಷ ನಮ್ಮ ಊರಲ್ಲಿ ನಾಟಕ ಇರುತ್ತದೆ. ಅದರ ತಾಲೀಮಿನಲ್ಲಿ ಮೇಲಿನ ಸ್ವರಕ್ಕೆ ಏರಲು ಹೋದರೆ ಮುರಿದ ಕೊಳಲಿನಂತೆ ಬರೀ ಗಾಳಿ ಬರುತ್ತಿತ್ತು. ನಿಮ್ಮಲ್ಲಿ ಗಂಟಲಿನ ವೈದ್ಯರು ಬರುವುದು ಬುಧವಾರ ಮಾತ್ರ. ಬುಧವಾರ ಹೋದೆ. ನಾಲಿಗೆಯ ಬುಡದ ಬಲಕ್ಕೆ ಮಾಯದ ಹುಣ್ಣೊಂದಿದೆ ಎಂದರು.

"ತಂಬಾಕ ತಿಂತೀರೇನ್ರಿ?" ಎಂದು ಕೇಳಿದರು.

"ಬಿಟ್ಟೇನ್ರಿ."

"ಯಾವಾಗ?"

"ಈಗ, ನೀವು ಬಾಯಿ ತೆಗಿ ಅಂದಾಗ."

ವೈದ್ಯರು ನಕ್ಕರು. ಒಳ್ಳೆಯವರು, ಅವರ ಮೇಲೆ ನನ್ನ ದೂರಿಲ್ಲ. ಉದ್ದನೆಯ ಚಿಮ್ಮಟಿಗೆ ಹಾಕಿ ಜೋಳದ ಕಾಳಿನಷ್ಟು ಕಿತ್ತು ಬೆರಳುದ್ದದ ಬಾಟಲಿಯಲ್ಲಿ ಹಾಕಿದರು. ಅದು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗಬೇಕಂತೆ, ಅಲ್ಲಿಂದ ವರದಿ ಬರಬೇಕಂತೆ. ಎಷ್ಟು ದಿನ? ವರದಿ ಕೊಡುವ ಕಿಟಕಿಯ ನಿಮ್ಮ ಸಿಬ್ಬಂದಿ ತಲೆ ಎತ್ತದೆ ಹೇಳಿದರು, "ಹತ್ತು ದಿನ ಬಿಟ್ಟು ಯಾವುದಾರ ಸೋಮವಾರ ಬರ್ರಿ. ಕೆಟ್ಟದ್ದಿದ್ರ ನಾವ ಫೋನ್ ಮಾಡ್ತೇವಿ."

ಮಾನ್ಯರೇ, ಈ ಕೊನೆಯ ವಾಕ್ಯವನ್ನು ಬರೆದ ಕವಿ ಯಾರು? ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಲವತ್ತು ವರ್ಷದಲ್ಲಿ ಇಂಥ ಕ್ರೂರ ಮಾತನ್ನು ಯಾವ ಖಳನಾಯಕನ ಬಾಯಲ್ಲೂ ನಾನು ಹಾಕಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಫೋನು ಎಂಬುದು ಫೋನಾಗಿ ಉಳಿಯಲಿಲ್ಲ, ಗೂಡಿನಲ್ಲಿಟ್ಟ ಚೇಳಾಯಿತು. ಅದು ಬಡಿದುಕೊಂಡರೆ ನನ್ನ ಹೆಂಡತಿ ಮಂಜವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿ ಬಂದು ಎದುರಿಗೆ ನಿಲ್ಲುತ್ತಿದ್ದಳು; ಎತ್ತುವ ಧೈರ್ಯ ಅವಳಿಗಿಲ್ಲ, ನನಗೂ ಇಲ್ಲ. ಒಂದು ಮಧ್ಯಾಹ್ನ ಹೇಗೋ ಎತ್ತಿದರೆ ಗೊತ್ತಿಲ್ಲದ ನಂಬರಿನಿಂದ ಹೆಣ್ಣುಮಗಳ ದನಿ: "ಚೌಡಪ್ಪ ಅವರಾ? ನಿಮ್ದು ಒಂದು ಉಳಕೊಂಡೈತ್ರಿ, ಲಗೂನ ಬಂದು ಹೋಗ್ರಿ, ಇಲ್ಲಂದ್ರ ಬಂದ್ ಆಕ್ಕೈತಿ." ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅಡುಗೆ ಗ್ಯಾಸಿನ ಏಜೆನ್ಸಿಯವಳು. ಹೆಬ್ಬೆರಳು ಒತ್ತಿ ಬರಬೇಕಿತ್ತಂತೆ. ದೈವವೇ, ಗ್ಯಾಸಿನ ಸಿಲಿಂಡರು ನಿಂತುಹೋಗುವುದಾದರೆ ತಾವಾಗಿ ಫೋನು ಮಾಡಿ ಎಚ್ಚರಿಸುವವರು ಈ ದೇಶದಲ್ಲಿದ್ದಾರೆ!

ರಂಗದ ಮೇಲೆ ನಾನು ನೂರಾರು ಸಲ ಸತ್ತವನು. ವಿಷ ಕುಡಿದು ಸತ್ತಿದ್ದೇನೆ, ಎದೆಗೆ ಖಡ್ಗ ಹೊಕ್ಕು ಸತ್ತಿದ್ದೇನೆ, ಬಂಕಾಪುರದಲ್ಲಿ ಒಮ್ಮೆ ಜನ 'ಒನ್ಸ್ ಮೋರ್' ಅಂದರೆಂದು ಎದ್ದು ಇನ್ನೊಮ್ಮೆ ಸತ್ತಿದ್ದೇನೆ. ಸಾಯುವುದು ಕಷ್ಟವಲ್ಲ ಸ್ವಾಮೀ. ಯಾವ ಅಂಕದಲ್ಲಿ ಎಂದು ಗೊತ್ತಿದ್ದರೆ ಆಯಿತು. ಆ ಪ್ರವೇಶ ಬರುವವರೆಗೆ ನಟ ನಿರಾಳ, ಪರದೆಯ ಹಿಂದೆ ಕುಳಿತು ಚಹಾ ಕುಡಿಯುತ್ತಾನೆ. ಅಂಕ ಯಾವುದೆಂದು ಹೇಳದೆ 'ನಿಲ್ಲು, ಕರೆಯುತ್ತೇವೆ' ಎಂದು ಪರದೆಯ ಬದಿಗೆ ನಿಲ್ಲಿಸಿ ನೋಡಿ! ದಿನಾ ಬೆಳಿಗ್ಗೆ ಬಣ್ಣ ಹಚ್ಚುವ ಕನ್ನಡಿಯನ್ನು ಕಿಟಕಿಗೆ ಆನಿಸಿ, ಬ್ಯಾಟರಿಯ ಬೆಳಕು ಬಿಟ್ಟು, ಬಾಯಿ ತೆರೆದು ಒಳಗೆ ನೋಡಿಕೊಂಡೆ. ಸೋಮವಾರ ಕೆಂಪಗೆ ಕಂಡದ್ದು ಮಂಗಳವಾರ ಬಿಳಿಚಿಕೊಂಡಂತೆ, ಬುಧವಾರ ಎರಡಾದಂತೆ.

"ಬಾಯಿ ಮುಚ್ರಿ ಇನ್ನ, ನೊಣ ಹೊಕ್ಕೊಂಡೀತು," ಎಂದಳು ಮಂಜವ್ವ. "ಅದೇನ್ ಗಿಡಾ ಏನ್ರಿ, ದಿನಾ ನೋಡಿದ್ರ ಬೆಳಿಯಾಕ?"

ಅದೇ ಅಲ್ಲವೇ ಭಯ, ಬೆಳೆಯುತ್ತದೆ ಎಂಬುದು! ತೂಕ ಇಳಿಯುವುದು ಒಂದು ಲಕ್ಷಣ ಎಂದು ಎಲ್ಲೋ ಕೇಳಿದ್ದೆ. ಗೋವಿನಜೋಳದ ಚೀಲ ತೂಗುವ ಅಂಗಡಿಯ ತಕ್ಕಡಿಯ ಮೇಲೆ ದಿನ ಬಿಟ್ಟು ದಿನ ನಿಂತೆ. ಚಪ್ಪಲಿ ಮೆಟ್ಟಿ ಒಮ್ಮೆ, ಬಿಟ್ಟು ಒಮ್ಮೆ. ತೂಗುವವನು ಮುಖ ಗಂಟಿಕ್ಕಿ, "ಮಾಸ್ತರ್ರ, ಇನ್ನೂ ಹಸಿ ಅದೀರಿ. ಎರಡು ದಿನ ಬಿಸಲಾಗ ಒಣಗಿ ಬರ್ರಿ, ರೇಟ್ ಕೊಡ್ತೇನಿ," ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕಾಗ ಗಂಟಲು ನೊಂದಿತು. ನಿನ್ನೆಗಿಂತ ಹೆಚ್ಚು ನೊಂದಿತೋ ಎಂದು ಮನೆಯ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹನ್ನೆರಡು ವರ್ಷದ ಹಿಂದೆ ಗಂಟಲು ಕಟ್ಟಿ ತೀರಿಕೊಂಡ ಸೋದರಮಾವನ ಕೊನೆಯ ದಿನಗಳನ್ನು ನೆನೆದೆ, ನೀರು ಸಹ ಇಳಿಯದಿದ್ದದ್ದನ್ನು. ಬೇಡವೆಂದರೂ ದಿನಾ ಊಟಕ್ಕೆ ಕುಳಿತಾಗ ಆತ ಎದುರು ಬಂದು ಕೂರುತ್ತಿದ್ದ.

ಮೊದಲ ಸೋಮವಾರ ಹೋದೆ. "ಬಂದಿಲ್ರಿ." ಎರಡನೆಯ ಸೋಮವಾರ ಕಿಟಕಿಯೇ ಮುಚ್ಚಿತ್ತು, ಸಿಬ್ಬಂದಿಗೆ ತರಬೇತಿಯಂತೆ. ಏತರ ತರಬೇತಿ ಎಂದು ವಿಚಾರಿಸಿದೆ. ರೋಗಿಗಳೊಂದಿಗೆ ಹೇಗೆ ಮಾತನಾಡಬೇಕು ಎಂಬುದರದಂತೆ. ಮೂರನೆಯ ಸೋಮವಾರ, ತರಬೇತಿ ಪಡೆದ ಅದೇ ಮುಖ, ಅದೇ ತಗ್ಗಿದ ತಲೆ: "ಬಂದಿಲ್ರಿ." ತಾಲೀಮು ಬಿಟ್ಟು, ಹೊಲ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದು ಆ ಒಂದೇ ಶಬ್ದದ ಉತ್ತರ ಪಡೆದು ಹಿಂದಿರುಗುವಾಗ, ಒಂದು ಹೀನ ಸಂತೋಷವೂ ಆಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ: ಬಂದಿಲ್ಲ ಎಂದರೆ ಇನ್ನೊಂದು ವಾರ ನಾನು ರೋಗಿ ಅಲ್ಲ.

ಈ ನಡುವೆ ಊರು ಬದಲಾಯಿತು. ಇದನ್ನು ಗಮನವಿಟ್ಟು ಕೇಳಿ ಮಾನ್ಯರೇ, ಏಕೆಂದರೆ ಇದು ನಿಮ್ಮ ಆಸ್ಪತ್ರೆಯ ಕೃಪೆ. ಇದ್ದಕ್ಕಿದ್ದಂತೆ ಒಂದು ವಾರದಿಂದ ಎಲ್ಲರೂ ಒಳ್ಳೆಯವರಾದರು. ಹದಿನೆಂಟು ವರ್ಷದಿಂದ ನನ್ನ ಪಾತ್ರಕ್ಕಾಗಿ ಜಗಳವಾಡುತ್ತಿದ್ದವರು "ಈ ವರ್ಷ ನೀವ ಮಾಡ್ರಿ" ಎಂದರು. ಅಕ್ಕಪಕ್ಕದ ಮನೆಗಳಿಂದ ಅಂಬಲಿ ಬಂತು, ಮೆತ್ತನೆಯ ನುಚ್ಚು ಬಂತು. ಶ್ರುತಿ ತಪ್ಪಿದರೆ ಸಭೆಯಲ್ಲೇ ಮರ್ಯಾದೆ ತೆಗೆಯುವ ನಮ್ಮ ಪೇಟಿ ಮಾಸ್ತರ ಗುದ್ಲೆಪ್ಪ, ನಾನು ಸ್ವರ ಎಲ್ಲಿ ಬಿಟ್ಟರೂ ಅಲ್ಲಿಗೇ ಹಾರ್ಮೋನಿಯಂನ ಶ್ರುತಿ ಇಳಿಸಿಕೊಂಡು ಕಣ್ಣು ತಪ್ಪಿಸುತ್ತಿದ್ದ. ಚಹಾದಂಗಡಿಯ ಕಟ್ಟೆಯಲ್ಲಿ, ನಾನು ಹತ್ತಿರವಿದ್ದುದು ತಿಳಿಯದೆ, ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು: "ಏನ್ ದನಿಲೇ ಆ ಮನಶ್ಯಾಂದು! ಏನ್ ಮಾತಾಡತಿದ್ದ!" ಅಂದರೆ ಇವರಿಗೆ ಗೊತ್ತು. ಏನೋ ಗೊತ್ತು. ನನಗೆ ಗೊತ್ತಿಲ್ಲದ್ದು, ನನ್ನದೇ ಆದದ್ದು.

ನಿನ್ನೆ ನಾಲ್ಕನೆಯ ಸೋಮವಾರ. ನಿಮ್ಮ ಕಿಟಕಿಯ ಮುಂದೆ ನಡೆದ ಸಂಭಾಷಣೆಯನ್ನು ಒಂದಕ್ಷರ ಕೂಡಿಸದೆ ಕೊಡುತ್ತೇನೆ. ನಾಟಕದವನ ನೆನಪು, ನಂಬಬಹುದು.

"ಚೌಡಪ್ಪ... ಚೌಡಪ್ಪ... ನಿಮ್ದು ಆಗಲೇ ಹೋಗೇತಲ್ರಿ."

"ಎಲ್ಲಿಗೆ ಹೋಗೇತ್ರಿ?"

"ನಿಮ್ಮೂರಿಗೆ."

"ನಾ ಇಲ್ಲೇ ನಿಂತೇನಲ್ರಿ!"

"ನೀವು ನಿಂತ್ರೇನಾತು? ನಿಮ್ಮೂರವರು ಗುಳಿಗಿ ಒಯ್ಯಾಕ ಬಂದಿದ್ರು, ಅವರ ಕೈಯಾಗ ಕೊಟ್ಟೇವಿ. ಸಹಿ ಐತಿ ನೋಡ್ರಿ. ಹನ್ನೊಂದು ದಿನಾ ಆತು."

"ಹನ್ನೊಂದು ದಿನಾ? ಹೋದ ಸೋಮವಾರ ಬಂದಾಗ ಬಂದಿಲ್ಲ ಅಂದ್ರಿ!"

"ಆವಾಗ ಇಲ್ಲಿ ಇರಲಿಲ್ಲಲ್ರಿ. ಹೋಗಿತ್ತಲ್ಲ."

"ಅದರಾಗ ಏನು ಬರದಿತ್ತು?"

ಆಗ ಮೊದಲ ಬಾರಿಗೆ ಅವರು ತಲೆ ಎತ್ತಿದರು. ಮುಖದಲ್ಲಿ ಎಂಥ ಸಾತ್ವಿಕ ಗಾಂಭೀರ್ಯ! "ನಾವು ತಗದು ನೋಡಂಗಿಲ್ರಿ. ಪೇಷಂಟಿನ ಖಾಸಗಿ ವಿಷಯ ಅದು."

ಕೇಳಿದಿರಾ ದೈವವೇ? ಖಾಸಗಿ ವಿಷಯವಾದ್ದರಿಂದ ವೈದ್ಯರು ನೋಡಿಲ್ಲ, ಸಿಬ್ಬಂದಿ ನೋಡಿಲ್ಲ, ರೋಗಿಗೆ ತಿಳಿಸಿಲ್ಲ. ಅಷ್ಟು ಖಾಸಗಿಯಾಗಿ ಅದನ್ನು ಸಕ್ಕರೆ ಕಾಯಿಲೆಯ ಗುಳಿಗೆಗೆ ಬಂದ ಯಾರದೋ ಕೈಚೀಲಕ್ಕೆ ಹಾಕಿ ಕಳಿಸಿದ್ದಾರೆ! ಸಹಿ ನೋಡಿದೆ. ವಕ್ರವಾಗಿ, ಹೆದರಿದಂತೆ ಬರೆದ ಹೆಸರು: ಗುದ್ಲೆಪ್ಪ.

ಮಧ್ಯಾಹ್ನ ಅವನ ಮನೆಗೆ ಹೋದಾಗ ಗುದ್ಲೆಪ್ಪ ಜಗುಲಿಯ ಮೇಲೆ ಪೇಟಿಯ ಧೂಳು ಒರೆಸುತ್ತಿದ್ದ. ನನ್ನ ಮುಖ ಕಂಡದ್ದೇ, ಕೇಳುವ ಮೊದಲೇ, ಪೇಟಿಯ ಕವಚದ ತಳದಿಂದ ಕಂದು ಲಕೋಟೆ ತೆಗೆದು ಮುಂದಿಟ್ಟ.

"ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ನಾಟಕದ ಮಂಗಳ ಆದ ಮ್ಯಾಲೆ ಕೊಡೋಣಂತ ಇಟ್ಟಿದ್ದೆ."

"ಮಂಗಳ ಆದ ಮ್ಯಾಲೆ? ಜಯಂತಿಗೆ ಇನ್ನೂ ಒಂದು ವಾರ ಐತೆಲ್ಲೋ! ನನ್ನ ಜೀವಾ ಅಲ್ಲೇನೋ ಅದು?"

"ಬಣ್ಣ ಹಚ್ಚಿದವಗ ಸುದ್ದಿ ಮುಟ್ಟಸಬಾರದು ಅಂತ ಕಾನೂನ ಮಾಡಿದವರು ಯಾರ್ರಿ? ನೀವ ಅಲ್ಲೇನು?"

"ನಾ ಇನ್ನೂ ಬಣ್ಣಾ ಹಚ್ಚಿಲ್ಲ!"

"ತಾಲೀಮ ನಡದೈತಲ್ರಿ. ನಮ್ಮ ಪಾಲಿಗೆ ಹಚ್ಚಿದಂಗ."

"ತಗದು ನೋಡಿದ್ಯಾ?"

"ನನ್ನ ಕಣ್ಣಾಣಿ, ಇಲ್ರಿ. ಪಿನ್ನ ಹೊಡದದ್ದು ಹಂಗ ಐತಿ ನೋಡ್ರಿ. ನೋಡಾಕ ಎದಿ ಬೇಕಲ್ರಿ."

"ಮತ್ತ ಕೆಟ್ಟ ಸುದ್ದಿ ಅಂತ ಊರಿಗೆಲ್ಲ ಹೆಂಗ ಗೊತ್ತಾತು?"

"ಛಲೋ ಸುದ್ದಿ ಇದ್ರ ಲಕೋಟಿಗೆ ಪಿನ್ನ ಯಾಕ ಹೊಡೀತಾರ್ರಿ? ಬಾಯಿಲೇ ಹೇಳಿ ಕಳಸ್ತಿದ್ರು."

ಬೈಯುವ ಹಕ್ಕು ನನಗಿರಲಿಲ್ಲ. ಏಕೆಂದರೆ ಆ ಕಾನೂನು ನನ್ನದೇ. ಇಪ್ಪತ್ತಾರು ವರ್ಷದ ಹಿಂದೆ ನಮ್ಮ ತಂಡದ ಹಾಸ್ಯನಟ ಹುಲಗೇಶನ ತಾಯಿ ಸವಣೂರಿನಲ್ಲಿ ತೀರಿಕೊಂಡ ಸುದ್ದಿ, ಅವನು ಬಣ್ಣ ಹಚ್ಚಿಕೊಂಡು ಕುಳಿತಾಗ ಬಂತು. ತಂದವನನ್ನು ನಾನು ಪರದೆಯ ಹಿಂದೆಯೇ ತಡೆದೆ. ಬಂದ ಜನ ನಿರಾಶರಾಗಬಾರದು, ಆಟ ನಿಲ್ಲಬಾರದು, ರಂಗದ ಧರ್ಮ ದೊಡ್ಡದು ಎಂದೆಲ್ಲ ನನಗೆ ನಾನೇ ಮಾತು ಹೇಳಿಕೊಂಡೆ. ಹುಲಗೇಶ ಅಂದು ಜನರನ್ನು ಹೊಟ್ಟೆ ಹಿಡಿದು ನಗಿಸಿದ. ಮಂಗಳವಾದ ಮೇಲೆ ಹೇಳಿದೆ. ಅವನು ಮುಖದ ಬಣ್ಣವನ್ನೂ ಒರೆಸಲಿಲ್ಲ, "ಮಾಸ್ತರ, ನಮ್ಮವ್ವ ಸತ್ತು ಮಲಗಿದ್ಲು, ನಾ ಕುಣ್ಯಾಕತ್ತಿದ್ದೆ. ನೀ ನೋಡಕೋತ ನಿಂತಿದ್ದಿ," ಎಂದು ಹೇಳಿ ನಡೆದುಹೋದ. ಮತ್ತೆಂದೂ ನಮ್ಮ ತಂಡಕ್ಕೆ ಬರಲಿಲ್ಲ. ನಾನು ನಾಚಿಕೆಪಡುವ ಬದಲು ಅದನ್ನೇ ತಂಡದ ನಿಯಮ ಮಾಡಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಹುಲಗೇಶನಿಗೆ ಅಂದು ಏನನ್ನು ಕಸಿದುಕೊಂಡೆ ಎಂಬುದು ನನಗೆ ಅರ್ಥವಾಗಿದ್ದು ನಿನ್ನೆ, ಗುದ್ಲೆಪ್ಪನ ಜಗುಲಿಯ ಮೇಲೆ. ತಪ್ಪು ನನ್ನದು, ತಲೆಬಾಗಿ ಒಪ್ಪುತ್ತೇನೆ. ನಮ್ಮ ಕಡೆಯ ತಪ್ಪು ಪ್ರೀತಿಯಿಂದ ಆದದ್ದು ಎಂದು ಹೇಳಿ ನುಣುಚಿಕೊಳ್ಳುವುದೂ ಇಲ್ಲ. ಆದರೆ ಮಾನ್ಯರೇ, ಹಳ್ಳಿಯ ಪೇಟಿ ಮಾಸ್ತರನಿಗೆ ಲಕೋಟೆಯ ಬೆಲೆ ತಿಳಿಯದೆ ಇರಬಹುದು. ಅದನ್ನು ಅವನ ಕೈಗೆ ಕೊಟ್ಟವರು ನೀವು. ನಿಮಗೂ ತಿಳಿಯದೆ?

ಲಕೋಟೆಯನ್ನು ಮನೆಗೆ ತಂದೆ. ಮಗಳು ಸಮತಾ ಹಂಸಭಾವಿಯ ಶಾಲೆಯಲ್ಲಿ ಶಿಕ್ಷಕಿ. ಫೋನು ಮಾಡಿದೆ, ಶಾಲೆ ಬಿಟ್ಟವಳೇ ಬಂದಳು. ಅವಳು ಬರುವವರೆಗೆ ಎರಡು ತಾಸು ನಾನೂ ಮಂಜವ್ವನೂ ಆ ಲಕೋಟೆಯನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು. ನೀರು ಬೇಕೇ ಎಂದಳು ಒಮ್ಮೆ. ಬೇಡ ಎಂದೆ. ಸಮತಾ ಬಂದು ಪಿನ್ನು ಕಿತ್ತು ಕಾಗದ ಓದಿದಳು. ಇಂಗ್ಲಿಷಿನಲ್ಲಿತ್ತು, ನಾಲ್ಕೇ ಸಾಲು. ಮತ್ತೆ ಓದಿದಳು. ಹಿಂದುಗಡೆ ಏನಾದರೂ ಇದೆಯೇ ಎಂದು ತಿರುವಿ ನೋಡಿದಳು.

"ಹೇಳವಾ, ಏನೈತಿ? ಐತೋ, ಇಲ್ಲೋ?" ಎಂದಳು ಮಂಜವ್ವ.

"ಗೊತ್ತಿಲ್ಲಂತವಾ."

"ಯಾರಿಗೆ ಗೊತ್ತಿಲ್ಲ?"

"ಅವರಿಗೆ. ಕಳಿಸಿದ ತುಂಡು ಭಾಳ ಸಣ್ಣದಂತ. ಏನೂ ಹೇಳಾಕ ಬರಂಗಿಲ್ಲಂತ. ಇನ್ನೊಮ್ಮೆ ತಗದು ಕಳಿಸ್ರಿ ಅಂತ ಬರದಾರ."

ಮಂಜವ್ವ ಆ ಕಾಗದವನ್ನು ಮಡಚಿ ಲಕೋಟೆಗೆ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಂಗಾದ್ರ ಹನ್ನೊಂದು ದಿನ ನಾ ಹಿತ್ತಲದಾಗ ಅತ್ತದ್ದು ಯಾವುದಕ್ಕ?"

ಲಕೋಟೆಯ ಸುದ್ದಿ ಅವಳಿಗೂ ಗೊತ್ತಿತ್ತು. ಹನ್ನೊಂದು ದಿನ ನನ್ನ ಎದುರು ನೊಣದ ಮಾತಾಡಿ ನಗಿಸಿ, ಹಿತ್ತಲಿಗೆ ಹೋಗಿ ಅತ್ತು, ಕಣ್ಣು ತೊಳೆದು ಬಂದು ರೊಟ್ಟಿ ತಟ್ಟಿದ್ದಾಳೆ. ನಲವತ್ತು ವರ್ಷ ನಟನೆ ಕಲಿಸಿದವನಿಗೆ ಮನೆಯ ನಟಿ ಕಾಣಲಿಲ್ಲ. ಅವಳ ಆ ಪ್ರಶ್ನೆಗೆ ಉತ್ತರ ನಿಮ್ಮನ್ನೇ ಕೇಳುತ್ತೇನೆ. ನಿಮ್ಮಲ್ಲಿದ್ದರೆ ಕಳಿಸಿ. ಮಂಜವ್ವನಿಗೆ ಓದಲು ಬರುವುದಿಲ್ಲ, ಆದ್ದರಿಂದ ಯಾರಾದರೂ ಬಂದು ಬಾಯಲ್ಲೇ ಹೇಳಿದರೆ ಅನುಕೂಲ.

ಈಗ ವಾದಕ್ಕೆ ಬರೋಣ. ತುಂಡು ಸಣ್ಣದಾಯಿತು, ಆಗಬಹುದು, ಮನುಷ್ಯರ ಕೈ. ಪ್ರಯೋಗಾಲಯ ತಡ ಮಾಡಿತು. ನೂರಾರು ಗಂಟಲು ಅವರ ಮುಂದಿರಬಹುದು. ಆದರೆ 'ಇನ್ನೊಮ್ಮೆ ಕಳಿಸಿ' ಎಂಬ ಕಾಗದ ಯಾರಿಗೆ ಬಂದದ್ದು? ನನಗೋ? ನಾನೇನು ಕತ್ತರಿ ಹಿಡಿದು ನನ್ನ ಗಂಟಲು ಕೊಯ್ದುಕೊಳ್ಳಲೇ? ಅದು ನಿಮಗೆ ಬಂದ ಕಾಗದ ಸ್ವಾಮೀ! ನಿಮ್ಮಲ್ಲಿ ಒಬ್ಬರೇ ಒಬ್ಬರು ಅದನ್ನು ಬಿಚ್ಚಿ ಓದಿ, 'ಚೌಡಪ್ಪ, ಬುಧವಾರ ಬಾ' ಎಂದು ಒಂದು ಮಾತು ಹೇಳಿದ್ದರೆ, ಇಷ್ಟೊತ್ತಿಗೆ ಎರಡನೆಯ ಚೂರು ಹೋಗಿ ಬರುವ ದಾರಿಯಲ್ಲಿರುತ್ತಿತ್ತು. ನನ್ನ ಗಂಟಲಲ್ಲಿರುವುದು ಬರೀ ಹುಣ್ಣಾದರೆ ನನ್ನಿಂದ ಹನ್ನೊಂದು ದಿನದ ನಿದ್ದೆ ಕಸಿದಿರಿ, ಹೋಗಲಿ. ಅದೇ ಆಗಿದ್ದರೆ, ಆ ರೋಗಕ್ಕೆ ಹನ್ನೊಂದು ದಿನ ಬಿಟ್ಟಿ ಕೊಟ್ಟಿರಿ. ಅದು ಅಷ್ಟು ದಿನ ಸುಮ್ಮನೆ ಕುಳಿತಿರುತ್ತದೆಯೇ? ಅದಕ್ಕೂ ಸೋಮವಾರಗಳಿವೆಯೇ? ಅದಕ್ಕೂ ತರಬೇತಿ ಇರುತ್ತದೆಯೇ?

ನಿಮ್ಮ ಗೋಡೆಯ ಮೇಲೆ 'ಬೇಗ ಪತ್ತೆ ಹಚ್ಚಿ, ಕ್ಯಾನ್ಸರ್ ಗೆಲ್ಲಿ' ಎಂದು ಆಳೆತ್ತರದ ಚಿತ್ರವಿದೆ. ಚಿತ್ರದ ಕೆಳಗೇ ವರದಿಯ ಕಿಟಕಿ. ಚಿತ್ರ ಬರೆದವರು ಒಳ್ಳೆಯ ಕಲಾವಿದರು. ಪರದೆ ಬರೆಸಬೇಕಾದಾಗ ವಿಳಾಸ ಕೇಳುತ್ತೇನೆ.

ನನಗೆ ತನಿಖೆ ಬೇಡ. ಕಿಟಕಿಯ ಆ ನೌಕರನನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳಲೂ ಬೇಡಿ. ಅವನ ಜಾಗಕ್ಕೆ ಬರುವವನೂ ತಲೆ ತಗ್ಗಿಸಿಯೇ ಕೂರುತ್ತಾನೆ. ನಾನು ಕೇಳುವುದು ಇಷ್ಟು: ಚೂರು ತೆಗೆದ ದಿನವೇ, ವರದಿ ಯಾವ ತಾರೀಖಿಗೆ ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದು ರೋಗಿಯ ಕೈಗೆ ಕೊಡಿ. ಬಂದ ವರದಿಯನ್ನು ಅರಿತವರೊಬ್ಬರು ಅಂದೇ ಓದಲಿ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಏನೂ ಇಲ್ಲದ್ದಿರಲಿ, ಮೂರಕ್ಕೂ ಫೋನು ಮಾಡಿ. ಕೆಟ್ಟದ್ದಕ್ಕೆ ಮಾತ್ರ ಎಂಬ ಆ ವಾಕ್ಯವನ್ನು ಇಂದೇ ಹೂಳಿ. ಮತ್ತು ನನ್ನ ಕಾಗದವನ್ನು ನನ್ನ ಕೈಗೆ, ಇಲ್ಲವೇ ನಾನು ಬರೆದು ಸೂಚಿಸಿದವರ ಕೈಗೆ ಮಾತ್ರ ಕೊಡಿ. ಊರಿನವರ ಕೈಗೆ ಕೊಡಲು ಅದು ಮದುವೆಯ ಲಗ್ನಪತ್ರಿಕೆಯಲ್ಲ.

ಉತ್ತರಕ್ಕೆ ಕಾಯುವುದಿಲ್ಲ. ನಿಮ್ಮಲ್ಲಿ ಕಾಯುವುದನ್ನು ಸಾಕಷ್ಟು ಕಲಿತಿದ್ದೇನೆ. ನಾಳೆ ಬುಧವಾರ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ಮಂಜವ್ವನೂ ಹೊರಡುತ್ತೇವೆ. ವೈದ್ಯರ ಮುಂದೆ ಕುಳಿತು ಬಾಯಿ ತೆರೆಯುತ್ತೇನೆ. ಈ ಸಲ ಕೈಯಳತೆ ನೋಡದೆ ಬೇಕಾದಷ್ಟು ತೆಗೆಯಲಿ, ಕೂಗುವುದಿಲ್ಲ. ಬಾಟಲಿಯ ಮೇಲೆ ನನ್ನ ಹೆಸರನ್ನು ನಾನೇ ಬರೆಯುತ್ತೇನೆ. ನಿಮ್ಮ ವಾಹನ ಯಾವಾಗ ಹೊರಡುತ್ತದೆಂದು ಕೇಳುವುದಿಲ್ಲ. ಬಾಟಲಿಯನ್ನು ಹೆಗಲ ವಲ್ಲಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ನಾನೇ ಬಸ್ಸು ಹತ್ತುತ್ತೇನೆ. ದೊಡ್ಡ ಊರಿನ ಆ ಪ್ರಯೋಗಾಲಯದ ಬಾಗಿಲಿಗೆ ಹೋಗಿ, ಬಾಟಲಿ ತೆಗೆದುಕೊಂಡವರ ಹೆಸರು ಕೇಳಿ ಬರೆದುಕೊಂಡು, ಯಾವತ್ತು ಬರಲಿ ಎಂದು ಕೇಳುತ್ತೇನೆ. ತಾರೀಖು ಹೇಳುವವರೆಗೆ ಅವರ ಮೆಟ್ಟಿಲ ಮೇಲೆ ಕೂರುತ್ತೇವೆ. ಮಂಜವ್ವ ಬುತ್ತಿ ಕಟ್ಟುತ್ತಿದ್ದಾಳೆ.

ಇಂತಿ,
ತನ್ನದೇ ಗಂಟಲಿನ ಸುದ್ದಿಯನ್ನು ಊರಿನಲ್ಲಿ ಎಲ್ಲರಿಗಿಂತ ಕೊನೆಗೆ ಕೇಳಿದ,
ಇನ್ನೂ ಏನೂ ತಿಳಿಯದ,
ಚೌಡಪ್ಪ, ನಾಟಕದ ಮಾಸ್ತರ